ಜತ್ತದ ಪೆವಿಲಿಯನ್ ಮತ್ತು ಹನ್ನೆರಡು ಅಡಿಯ ಹೌಸವ್ವ

ಜತ್ತದಲ್ಲಿ ಹೊಸದಾಗಿ ಫೋಟೋ ಕೆಲಸಕ್ಕೆ ಇಳಿದ ನಾಲ್ವರು ತರುಣರು ಮೊನ್ನೆ ಮನೆಗೆ ಬಂದಿದ್ದರು. "ಕಾಕಾ, ನಿಮ್ಮ ಅನುಭವ ಬರದ ಕೊಡ್ರಿ. ನಮಗ ಉಪಯೋಗ ಆಕ್ಕೈತಿ" ಎಂದರು. ನನ್ನ ಅನುಭವ ಇವರಲ್ಲಿ ಯಾರಿಗಾದರೂ ಉಪಯೋಗವಾದರೆ ಅವನ ಅಂಗಡಿ ಮುಚ್ಚುವುದು ಖಂಡಿತ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ, "ಬರೀತಾರ ತಗೋರಿ. ಮನ್ಯಾಗ ಕುಂತ ಮತ್ತೇನ್ ಮಾಡ್ತಾರ" ಎಂದು ನನ್ನ ಪರವಾಗಿ ಒಪ್ಪಿಕೊಂಡಳು.

ನನ್ನ ಹೆಸರು ಬೀರಪ್ಪ. ಊರು ಸಂಖ, ಮರಾಠಿ ನಾಡಿನ ಗಡಿಗೆ ಸೇರಿದ ಜತ್ತ ತಾಲೂಕಿನ ಕನ್ನಡ ಹಳ್ಳಿ. ಮನೆತನದ ಕಸುಬು ಕುರಿ ಕಾಯುವುದು. ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ ಮೇಲೆ ಕೆಲವು ವರ್ಷ ನಾನೂ ಕುರಿ ಕಾಯ್ದೆ. ಕುರಿಗಳಿಗೆ ನನ್ನ ಮೇಲೆ ವಿಶ್ವಾಸ ಬರಲಿಲ್ಲ. ಜತ್ತದ ಸಂತೆಗೆ ಹೋದಾಗಲೆಲ್ಲ ಒಂದು ಫೋಟೋ ಸ್ಟುಡಿಯೋದ ಬಾಗಿಲಲ್ಲಿ ನಿಂತು ಗಾಜಿನ ಹಿಂದಿನ ಮುಖಗಳನ್ನು ನೋಡುತ್ತಿದ್ದೆ. ಒಂದು ದಿನ ಅದರ ಮಾಲೀಕರು, "ನಿಂತಾಂವ ನಿಂತಿ, ಆ ಕಸಾ ಆದರೂ ಹೊಡಿ" ಎಂದು ಕಸಬರಿಗೆ ಕೊಟ್ಟರು. ನನ್ನ ನೇಮಕಾತಿ ನಡೆದದ್ದು ಹೀಗೆ. ಅಪ್ಪನಿಗೆ ಹೇಳಿದೆ. ಅಪ್ಪ ಕಂಬಳಿ ಕೊಡವುತ್ತ, "ಬಯಲಾಗ ಇರೂದ ಬಿಟ್ಟು ಕತ್ತಲ್ಯಾಗ ಕುಂದ್ರತೀನಿ ಅಂತಿ. ಹೋಗು, ಕಣ್ಣ ಹ್ವಾದ ಮ್ಯಾಲ ಬಾ" ಎಂದ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಮಾಲೀಕರ ಹೆಸರು ಗಣಪತರಾವ್. ಮೊದಲು ಸಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದುದರಿಂದ ಎಲ್ಲರಿಗೂ ಅವರು ಮಾಸ್ತರ. ಮನೆಮಾತು ಮರಾಠಿ, ಆದರೆ ಕನ್ನಡ ನಮ್ಮಷ್ಟೇ ಸಲೀಸು. ಮರಾಠಿಯಲ್ಲಿ ಹೊಗಳುತ್ತಿದ್ದರು, ಕನ್ನಡದಲ್ಲಿ ಬೈಯುತ್ತಿದ್ದರು. ಮೊದಲ ಎರಡು ವರ್ಷ ನಾನು ಅವರ ಮರಾಠಿ ಕೇಳಲೇ ಇಲ್ಲ.

ಸ್ಟುಡಿಯೋ ಎಂದರೆ ತಗಡಿನ ಚಾವಣಿಯ ಒಂದು ಉದ್ದನೆಯ ಕೋಣೆ, ಉತ್ತರಕ್ಕೆ ಒಂದು ದೊಡ್ಡ ಗಾಜು, ಮೂರು ಕಾಲಿನ ಮೇಲೆ ನಿಂತ ದೊಡ್ಡ ಮರದ ಕ್ಯಾಮೆರಾ, ಅದರ ಹಿಂದೆ ಕಪ್ಪು ಬಟ್ಟೆ. ಬಟ್ಟೆಯೊಳಗೆ ತಲೆ ಹಾಕಿದರೆ ಎದುರು ಕುಳಿತವರು ತಲೆಕೆಳಗಾಗಿ ಕಾಣುತ್ತಿದ್ದರು. ತಾಲೂಕಿನ ದೊಡ್ಡವರನ್ನೆಲ್ಲ ನಾನು ಮೊದಲು ನೋಡಿದ್ದು ತಲೆಕೆಳಗಾಗಿಯೇ.

ನನಗೆ ಮಾಸ್ತರ ಮೊದಲು ಕಲಿಸಿದ್ದು ರಿಟಚಿಂಗ್. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ಸಣ್ಣಸಣ್ಣ ಗೆರೆ ಎಳೆದು ಮುಖದ ಸುಕ್ಕು, ಕಲೆ, ಸಿಡುಬಿನ ಗುಳಿ ತುಂಬುವ ಕೆಲಸ. ಇದರಲ್ಲಿ ನಾನು ಬೇಗನೆ ಪಳಗಿದೆ. ಎಷ್ಟು ಪಳಗಿದೆನೆಂದರೆ, ನನ್ನ ಕೈಯಿಂದ ಹೊರಬಂದ ಅರವತ್ತು ವರ್ಷದ ಗೌಡರಿಗೂ ಇಪ್ಪತ್ತರ ಅವರ ಮೊಮ್ಮಗನಿಗೂ ಮೀಸೆಯ ಬಣ್ಣ ಬಿಟ್ಟರೆ ಬೇರೆ ವ್ಯತ್ಯಾಸ ಉಳಿಯುತ್ತಿರಲಿಲ್ಲ.

ಆ ಉತ್ಸಾಹದಲ್ಲೇ ಒಬ್ಬ ಯುವಕನನ್ನು ಕೆಡಿಸಿದೆ. ಅವನು ಪೊಲೀಸ್ ಭರ್ತಿಯ ಅರ್ಜಿಗೆ ಫೋಟೋ ತೆಗೆಸಿದ್ದ. ಎಡಗೆನ್ನೆಯ ಮೇಲೆ ಕಡಲೆ ಕಾಳಿನಷ್ಟು ಕಪ್ಪು ಮಚ್ಚೆ. ಪಾಪ, ಚೆಲುವ ಹುಡುಗ ಎಂದು ನಾನು ಪ್ರೀತಿಯಿಂದ ಅದನ್ನು ಅಳಿಸಿಬಿಟ್ಟೆ. ಎರಡು ದಿನ ಬಿಟ್ಟು ಬಂದು ಫೋಟೋ ಮೇಜಿನ ಮೇಲಿಟ್ಟ. "ನನ್ನ ಮಚ್ಚಿ ಎಲ್ಲೈತ್ರಿ? ಅರ್ಜ್ಯಾಗ ಗುರುತು ಅಂತ ಅದನ್ನ ಬರದೇನಿ. ಯಾರ ಫೋಟೋ ತಂದಿ ಅಂತ ಕೇಳಾಕತ್ತಾರ."

ಅವನಿಗೆ ಬಸ್ಸಿನ ಅವಸರ. ಶಾಯಿ ತಗೊಂಡು ಫೋಟೋದ ಮೇಲೆಯೇ ಒಂದು ಚೊಕ್ಕ ಮಚ್ಚೆ ಇಟ್ಟುಕೊಟ್ಟೆ. ದಿನವಿಡೀ ನೆಗೆಟಿವ್‌ನಲ್ಲಿ ಎಡವನ್ನು ಬಲವಾಗಿ ನೋಡುವ ಚಟ ನನ್ನದು. ಮಚ್ಚೆ ಬಲಗೆನ್ನೆಗೆ ಬಿತ್ತು. ಅವನೂ ನೋಡಲಿಲ್ಲ. ಭರ್ತಿಯ ಸಾಹೇಬರು ನೋಡಿದರು. ಆ ವರ್ಷ ಅವನ ಭರ್ತಿ ತಪ್ಪಿತು. ಮುಂದೆ ಅವನು ಬಸ್ ಕಂಡಕ್ಟರ್ ಆದ. ನಿವೃತ್ತಿಯಾಗುವವರೆಗೂ ನನಗೆ ಟಿಕೆಟ್ ಕೊಡುವಾಗ ಮಾತಾಡುತ್ತಿರಲಿಲ್ಲ, ಎಡಗೆನ್ನೆಯನ್ನು ಒಮ್ಮೆ ಸವರಿಕೊಳ್ಳುತ್ತಿದ್ದ. ಅಷ್ಟು ಸಾಕಿತ್ತು.

ಇನ್ನು ನಾನು ಹೇಳಬೇಕೆಂದಿರುವ ಪೆವಿಲಿಯನ್ ವಿಷಯ.

ಫಿಲ್ಮು, ಕಾಗದ, ಫೋಟೋ ತೊಳೆಯುವ ಔಷಧಿ ತರಲು ಮಾಸ್ತರ ತಿಂಗಳಿಗೊಮ್ಮೆ ಸಾಂಗಲಿಗೆ ಹೋಗುತ್ತಿದ್ದರು. ಒಮ್ಮೆ ಅಲ್ಲಿನ ವ್ಯಾಪಾರಿಯಿಂದ ಒಂದು ಬಣ್ಣದ ಪುಸ್ತಕ ತಂದರು. ಅಮೆರಿಕಾದಲ್ಲಿ ನಡೆಯುತ್ತಿದ್ದ ಜಾಗತಿಕ ಪ್ರದರ್ಶನದಲ್ಲಿ ಒಂದು ಫೋಟೋ ಕಂಪನಿ ಕಟ್ಟಿಸಿದ ಪೆವಿಲಿಯನ್ನಿನ ಪುಸ್ತಕ ಅದು. ಏರಿಳಿಯುವ ಬಿಳಿ ಚಾವಣಿ, ಅದರ ಮೇಲೆ ಜನ ಅಂಗಳದಲ್ಲಿ ನಡೆದಂತೆ ನಡೆಯುತ್ತಿದ್ದಾರೆ. ನಡುವೆ ಒಂದು ಗೋಪುರ. ಗೋಪುರದ ಸುತ್ತ ಮನೆಯಷ್ಟು ದೊಡ್ಡ ಬಣ್ಣದ ಫೋಟೋಗಳು, ಹಾಡುಹಗಲಿನ ಬಿಸಿಲಲ್ಲಿ ಹೊಳೆಯುತ್ತಿವೆ.

ಮಾಸ್ತರ ಆ ಪುಸ್ತಕವನ್ನು ಒಂದು ವಾರ ಊಟಕ್ಕೆ ಕುಳಿತಾಗಲೂ ಬಿಡಲಿಲ್ಲ. ಮೂರನೆಯ ಪುಟಕ್ಕೆ ಚಟ್ನಿ ಹತ್ತಿತು. ಆಮೇಲೆ ಒಂದು ದಿನ, "ಬೀರಪ್ಪ, ಇದನ್ನ ನಾವು ಜತ್ತದಾಗ ಕಟ್ಟೂಣು" ಎಂದರು.

"ಯಾವುದನ್ರಿ?"

"ಪೆವಿಲಿಯನ್. ಬರೂ ತಿಂಗಳ ಕೃಷಿ ಪ್ರದರ್ಶನ ಐತಿ. ನಮಗೊಂದು ಜಾಗಾ ಕೊಡ್ತಾರ. ಬೊಂಬಿನ ಗೋಪುರ ಮಾಡಿ ಅದರ ಮ್ಯಾಲ ಹನ್ನೆರಡು ಅಡಿ ಫೋಟೋ ಏರಸೂಣು."

"ಯಾರದ್ರಿ ಫೋಟೋ?"

"ಅಧ್ಯಕ್ಷ ಸಾಹೇಬ್ರದು. ಅದಕ್ಕ ಜಾಗಾ ಕೊಡಾಕತ್ತಾರ."

ಪ್ರದರ್ಶನ ಸಮಿತಿಯ ಅಧ್ಯಕ್ಷರು ನಮ್ಮ ಕಡೆಯ ದೊಡ್ಡ ವಾಡೆಯ ಮನೆತನದವರು. ಆಗ ತಾಲೂಕಿನಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ಒಳ್ಳೆಯ ಗಿರಾಕಿಯೂ ಹೌದು. ಅವರ ಬಳಗದ ಮದುವೆಗಳೆಲ್ಲ ನಮ್ಮ ಸ್ಟುಡಿಯೋದವೇ.

ಪ್ರದರ್ಶನದ ಮೈದಾನದ ಮುಂದೆ ಮಾಸ್ತರ ಕನ್ನಡದಲ್ಲೂ ಮರಾಠಿಯಲ್ಲೂ "ಪೆವಿಲಿಯನ್" ಎಂದು ದೊಡ್ಡ ಅಕ್ಷರದಲ್ಲಿ ಫಲಕ ಹಾಕಿಸಿದರು. ನಮ್ಮ ಜನಕ್ಕೆ ಆ ಶಬ್ದ ನಾಲಿಗೆಗೆ ಹತ್ತಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳುವಷ್ಟರಲ್ಲಿ ಅದು "ಪಾವಲಿ" ಆಯಿತು. ಪಾವಲಿ ಎಂದರೆ ನಾಲ್ಕಾಣೆಯ ನಾಣ್ಯ. ಅಲ್ಲಿ ಪಾವಲಿಗೊಂದು ಫೋಟೋ ತೆಗೆಯುತ್ತಾರೆ ಎಂದು ಸುದ್ದಿ ಹಬ್ಬಿ, ನಾವಿನ್ನೂ ಬೊಂಬು ನೆಡುತ್ತಿದ್ದಾಗಲೇ ಸುತ್ತಲಿನ ಹಳ್ಳಿಯವರು ಹೊಸ ಅಂಗಿ ತೊಟ್ಟು ಸಾಲಾಗಿ ನಿಂತರು. ಅವರನ್ನು ತಿರುಗಿ ಕಳಿಸುವುದರಲ್ಲಿ ನನ್ನ ಎರಡು ದಿನ ಹೋದವು.

ಅಧ್ಯಕ್ಷರ ಫೋಟೋ ತೆಗೆಯಲು ಮಾಸ್ತರ ನನ್ನನ್ನೇ ಕಳಿಸಿದರು. ಅವರಿಗೆ ಜ್ವರ ಬಂದಿತ್ತು. ದೊಡ್ಡ ಕ್ಯಾಮೆರಾ, ನೆಗೆಟಿವ್ ಮೂಡುವ ಎರಡು ಗಾಜಿನ ಪ್ಲೇಟು ಹೊತ್ತು ವಾಡೆಗೆ ಹೋದೆ. ಅಧ್ಯಕ್ಷರು ಜರಿಯ ಫೇಟಾ ಸುತ್ತಿಕೊಂಡು ಬಂದು ಕುಳಿತರು. ಫೇಟಾ ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಸುತ್ತಿಸಿಕೊಂಡರು. ಒಂದು ತಾಸು ಹಿಡಿಯಿತು. ಅಷ್ಟು ಹೊತ್ತೂ ನನ್ನ ಕಣ್ಣು ಆ ಫೇಟಾದ ಮೇಲೆಯೇ ಇತ್ತು. ದೊಡ್ಡ ಕ್ಯಾಮೆರಾದಲ್ಲಿ ಪ್ಲೇಟಿನ ಮುಂದೆ ಒಂದು ತೆಳು ಹಲಗೆ ಇರುತ್ತದೆ. ಫೋಟೋ ತೆಗೆಯುವ ಮೊದಲು ಅದನ್ನು ಎಳೆದು ತೆಗೆಯಬೇಕು, ಇಲ್ಲದಿದ್ದರೆ ಬೆಳಕು ಒಳಗೆ ಹೋಗುವುದೇ ಇಲ್ಲ. ಇದನ್ನು ಸ್ಟುಡಿಯೋದ ಬೆಕ್ಕೂ ಬಲ್ಲದು. ನಾನು ಎರಡೂ ಸಲ ಮರೆತೆ.

ಗೊತ್ತಾದದ್ದು ಔಷಧಿಯಲ್ಲಿ ತೊಳೆದಾಗ. ಎರಡೂ ಪ್ಲೇಟು ಬರೀ ಗಾಜು. ಅಧ್ಯಕ್ಷರ ಫೇಟಾದ ತುದಿಯೂ ಇರಲಿಲ್ಲ. ಅಂದೇ ಹೇಳಿದ್ದರೆ ಮತ್ತೊಮ್ಮೆ ತೆಗೆಯಬಹುದಿತ್ತು. ನಾನು ಹೇಳಲಿಲ್ಲ. ಮಾಸ್ತರರಿಗೆ ಜ್ವರ ಇಳಿಯಲಿ ಎಂದುಕೊಂಡೆ. ಜ್ವರ ಇಳಿದ ಮೇಲೆ, ಊಟ ಮಾಡಲಿ ಎಂದುಕೊಂಡೆ. ಮೂರನೆಯ ದಿನ ಹೇಳಿದೆ. ಅಷ್ಟರಲ್ಲಿ ಅಧ್ಯಕ್ಷರು ಮುಂಬಯಿಗೆ ಹೋಗಿದ್ದರು. ತಿರುಗಿ ಬರುವುದು ಉದ್ಘಾಟನೆಯ ದಿನವೇ.

ಮಾಸ್ತರ ಬೈಯಲಿಲ್ಲ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ನೆಗೆಟಿವ್ ಪೆಟ್ಟಿಗೆಗಳನ್ನು ಕೆಳಗಿಳಿಸಿ, "ಇದ್ದದ್ದರಾಗ ಒಂದು ಚಲೋ ನೆಗೆಟಿವ್ ಹುಡುಕು. ಯಾರದರ ಇರಲಿ" ಎಂದರು.

ಹುಡುಕಿದೆವು. ಸ್ಟುಡಿಯೋದಲ್ಲಿ ಸಾವಿರಾರು ನೆಗೆಟಿವ್ ಇದ್ದವು. ಒಂದೊಂದನ್ನೂ ಚಿತ್ರ ಹಿಗ್ಗಿಸುವ ಎನ್‌ಲಾರ್ಜರಿಗೆ ಹಾಕಿ ಗೋಡೆಯ ಮೇಲೆ ಬೆಳಕು ಬಿಟ್ಟರೆ ನನ್ನ ಪೆನ್ಸಿಲ್ ಗೆರೆಗಳು ಒಂದೊಂದು ಗೇಣು ಉದ್ದವಾಗಿ ಕಂಡವು. ಗೌಡರ ಕೆನ್ನೆ ರಂಟೆ ಹೊಡೆದ ಹೊಲದಂತಾಗಿತ್ತು. ನನ್ನ ಕಲೆಯನ್ನು ಅಷ್ಟು ದೊಡ್ಡದಾಗಿ ನಾನು ಎಂದೂ ನೋಡಿರಲಿಲ್ಲ. ಮಾಸ್ತರ ಒಂದೇ ಮಾತು ಹೇಳಿದರು: "ಊರ ಮಂದಿ ಎಲ್ಲಾರ್ನೂ ಕೆಡಿಸಿಟ್ಟೀಯಲ್ಲೋ."

ಪೆನ್ಸಿಲ್ ಮುಟ್ಟಿಸದ ಒಂದೇ ಒಂದು ಚೊಕ್ಕ ನೆಗೆಟಿವ್ ಸಿಕ್ಕಿತು. ಹೌಸವ್ವಳದು.

ಹೌಸವ್ವ ಸನಮಡಿಯ, ಬೌದ್ಧ ಧರ್ಮ ಸೇರಿದ್ದ ದಲಿತ ಕುಟುಂಬದ ಹೆಣ್ಣುಮಗಳು. ಆಗ ನಲವತ್ತರ ಸುಮಾರು. ಗಂಡ ಹೆಂಡತಿ ಇಬ್ಬರೂ ಜತ್ತದಲ್ಲಿ ಕೂಲಿ ಮಾಡುತ್ತಿದ್ದರು. ಕಟ್ಟಡದ ಕೆಲಸ, ರಸ್ತೆಯ ಕೆಲಸ, ಸುಣ್ಣ ಬಳಿಯುವುದು, ನೀರು ಹೊರುವುದು. ಹಿಂದಿನ ಹಬ್ಬಕ್ಕೆ ನಮ್ಮ ಸ್ಟುಡಿಯೋಕ್ಕೆ ಸುಣ್ಣ ಬಳಿಯಲು ಬಂದಿದ್ದಳು. ಅಂದು ಮಾಸ್ತರ ಹೊಸ ಲೆನ್ಸ್ ತಂದಿದ್ದರು, ಪರೀಕ್ಷೆ ಮಾಡಬೇಕಿತ್ತು. "ಏ ಹೌಸವ್ವಾ, ಬಾ ಇಲ್ಲಿ, ಇದರ ಮ್ಯಾಲ ಕುಂದ್ರು" ಎಂದೆ. ಆಗ ನಾವೆಲ್ಲ ಅವಳ ಓಣಿಯವರನ್ನು ಕರೆಯುತ್ತಿದ್ದುದು ಹಾಗೆಯೇ, ಏಕವಚನದಲ್ಲಿ, ವಯಸ್ಸಿನಲ್ಲಿ ನಮಗಿಂತ ಎಷ್ಟೇ ದೊಡ್ಡವರಿರಲಿ. ಬೆಳಗಿನಿಂದ ನಿಂತೇ ಇದ್ದವಳು ಬಂದು ಕುಳಿತಳು. ಕುಳಿತವಳು ಕಲ್ಲಿನಂತೆ ಕುಳಿತಳು. ರೆಪ್ಪೆಯೊಂದೂ ಮಿಸುಕಲಿಲ್ಲ. ಫೋಟೋ ಆಯಿತು, ಏಳು ಎಂದೆ. ಎದ್ದು ಸುಣ್ಣದ ಡಬ್ಬಿ ತಗೊಂಡಳು. ತೆಗೆದದ್ದು ಯಾಕೆ, ಎಲ್ಲಿ ಹೋಯಿತು, ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆ ನೆಗೆಟಿವ್ ಗೋಡೆಯ ಮೇಲೆ ಬಿದ್ದಾಗ ಮಾಸ್ತರ ಎದ್ದು ಗೋಡೆಯ ಹತ್ತಿರ ಹೋದರು. ಹಣೆಯ ಮೇಲೆ ಹಾರಿದ ಸುಣ್ಣದ ಹನಿ, ಹುಬ್ಬಿನ ಒಂದೊಂದು ಕೂದಲು, ನೇರ ನಿಂತ ಕಣ್ಣು. "ಇದನ್ನ ಹಾಕೂಣು" ಎಂದರು. ಅವಳನ್ನೊಂದು ಮಾತು ಕೇಳಬೇಕೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹನ್ನೆರಡು ಅಡಿಯ ಫೋಟೋ ಮಾಡುವುದು ನಮಗೆ ಗೊತ್ತಿರಲಿಲ್ಲ. ಊರ ಹೊರಗೆ ಒಂದು ಖಾಲಿ ಗೋದಾಮು ಹಿಡಿದೆವು. ಹಗಲಲ್ಲೇ ಕತ್ತಲು ಮಾಡಬೇಕು. ನಮ್ಮೂರಿನಿಂದ ಅಪ್ಪನ ಹತ್ತು ಕಂಬಳಿ ತಂದು ಕಿಟಕಿ ಬಾಗಿಲಿಗೆ ಕಟ್ಟಿದೆ. ಬೆಳಕೇನೋ ನಿಂತಿತು, ಕುರಿಯ ವಾಸನೆ ಒಳಗೇ ಉಳಿಯಿತು. ಮುಖವನ್ನು ನಾಲ್ಕು ಅಡ್ಡ ಪಟ್ಟಿ ಮಾಡಿ, ಒಂದೊಂದನ್ನೇ ಗೋಡೆಗೆ ಹಚ್ಚಿದ ಕಾಗದದ ಮೇಲೆ ಬಿಡುವುದು, ದನ ನೀರು ಕುಡಿಯುವ ಬಾನಿಯಲ್ಲಿ ಔಷಧಿ ಹಾಕಿ ಮುಳುಗಿಸುವುದು, ಆಮೇಲೆ ಚೊಕ್ಕ ನೀರಲ್ಲಿ ತೊಳೆಯುವುದು. ಮೊದಲ ದಿನ ಕಂಬಳಿಯ ಉಣ್ಣೆ ಉದುರಿ ಹಸಿ ಕಾಗದಕ್ಕೆ ಹತ್ತಿ, ಗದ್ದದ ಪಟ್ಟಿಗೆ ಬಿಳಿ ಗಡ್ಡ ಬಂತು. ಅದನ್ನು ಬಿಸಾಕಿ ಮತ್ತೆ ಮಾಡಿದೆವು.

ತೊಳೆಯಲು ನೀರು ಬಹಳ ಬೇಕಿತ್ತು. ಬರಗಾಲದ ಜತ್ತದಲ್ಲಿ ನೀರಿನ ಮಾತು ಬೇರೆ ಹೇಳಬೇಕಾಗಿಲ್ಲ. ನೀರು ಹೊರಲು ಮಾಸ್ತರ ಹೌಸವ್ವಳಿಗೇ ಹೇಳಿ ಕಳಿಸಿದರು. ನಮ್ಮ ಕುಡಿಯುವ ನೀರನ್ನು ಬೇರೆ ಜಾತಿಯವರು ತರುತ್ತಿದ್ದರು, ತೊಳೆಯುವ ನೀರಿಗೆ ಅವಳು. ಅದರಲ್ಲೇನೋ ಹುಳುಕಿದೆ ಎಂದು ಆಗ ನನಗೆ ಅನಿಸಿರಲಿಲ್ಲ. ಎರಡು ದಿನ ಅವಳು ಕೊಡ ಹೊತ್ತು ತಂದು ಕಂಬಳಿಯ ಆಚೆ ಇಡುತ್ತಿದ್ದಳು. ಒಮ್ಮೆ ಹೊರಗಿನಿಂದಲೇ, "ಇಷ್ಟ ನೀರಾಗ ಏನ ತೊಳ್ಯಾಕತ್ತೀರಿ?" ಎಂದು ಕೇಳಿದಳು.

"ಮುಖಾ ತೊಳ್ಯಾಕತ್ತೀವಿ" ಎಂದೆ.

"ಯಾರದ್ರಿ, ಇಷ್ಟ ಹೊಲಸಾಗಿದ್ದು?"

ಮಾಸ್ತರ ನನ್ನ ಕಡೆ ನೋಡಿದರು. ನಾನು ಬಾನಿ ನೋಡಿದೆ. ಬಾನಿಯಲ್ಲಿ ಅವಳ ಎರಡು ಕಣ್ಣು ನಮ್ಮನ್ನು ನೋಡುತ್ತಿದ್ದವು.

ಉದ್ಘಾಟನೆಯ ದಿನ ಬೊಂಬಿನ ಗೋಪುರ ನಿಂತಿತ್ತು. ಕಟ್ಟಿದವನು ನಾನಾದ್ದರಿಂದ ಗಾಳಿ ಬೀಸಿದಾಗ ಸ್ವಲ್ಪ ತಲೆದೂಗುತ್ತಿತ್ತು. ಫೋಟೋಕ್ಕೆ ಬಿಳಿ ಬಟ್ಟೆ ಮುಚ್ಚಿ, ಅದಕ್ಕೊಂದು ಹಗ್ಗ ಇಳಿಬಿಟ್ಟಿದ್ದೆವು. ಹಗ್ಗ ಎಳೆಯಬೇಕಾದವರು ಅಧ್ಯಕ್ಷರು. ಮೇಲಿರುವುದು ತಮ್ಮ ಮುಖ ಅಲ್ಲ ಎಂದು ಅವರಿಗೆ ತಿಳಿಸಬೇಕಿತ್ತು. ಮಾಸ್ತರ ಹೇಳಿದ್ದಾರೆ ಎಂದು ನಾನು ತಿಳಿದಿದ್ದೆ. ನಾನು ವಾಡೆಗೆ ಹೋಗಿ ಹೇಳಿ ಬಂದಿದ್ದೇನೆ ಎಂದು ಮಾಸ್ತರ ತಿಳಿದಿದ್ದರು.

ಅಧ್ಯಕ್ಷರು ಅದೇ ಜರಿಯ ಫೇಟಾ ಸುತ್ತಿಕೊಂಡು ಬಂದರು, ಮುಖ ಹೋಲಲಿ ಎಂದಿರಬೇಕು. ಹಿಂದೆ ಹತ್ತಾರು ಜನ. ಹಗ್ಗ ಎಳೆದರು. ಬಟ್ಟೆ ಬಿತ್ತು.

ಮೈದಾನದ ಮುಖಗಳೆಲ್ಲ ಮೇಲಕ್ಕೆ ತಿರುಗಿದವು. ಆಯಿಲ್ ಇಂಜಿನ್ ತೋರಿಸುತ್ತಿದ್ದವನು ಕೂಡ ಇಂಜಿನ್ ನಿಲ್ಲಿಸಿ ನೋಡಿದ. ಅಧ್ಯಕ್ಷರು ಮೇಲೆ ನೋಡಿದರು, ಕೈಯಲ್ಲಿದ್ದ ಹಗ್ಗ ನೋಡಿದರು, ಮತ್ತೆ ಮೇಲೆ ನೋಡಿದರು. "ಯಾರಿದು?" ಎಂದು ಮೆಲ್ಲಗೆ ಕೇಳಿದರು.

ಮಾಸ್ತರ ಡ್ರಾಯಿಂಗ್ ಕಲಿಸಿದವರು, ಸಮಯಕ್ಕೆ ಏನಾದರೂ ಬರೆಯಬಲ್ಲರು. "ದುಡಿಯೂ ಮಂದಿ ಸಾಹೇಬ್ರ. ನಮ್ಮ ತಾಲೂಕಿನ ದುಡಿಯೂ ಮಂದಿ" ಎಂದರು.

ನೆರೆದ ಜನರ ಮುಂದೆ ಅದಕ್ಕೆ ಏನೂ ಅನ್ನುವಂತಿರಲಿಲ್ಲ. ಅಧ್ಯಕ್ಷರು ಎರಡು ಸಲ ಚಪ್ಪಾಳೆ ತಟ್ಟಿದರು, ಹಿಂದಿದ್ದವರೂ ಅಷ್ಟೇ ಲೆಕ್ಕದಲ್ಲಿ ತಟ್ಟಿದರು. ಗುಂಪಿನಲ್ಲಿ ಯಾರೋ, "ಸನಮಡಿ ಹೌಸವ್ವ ಅಲ್ಲೇನ ಅದು?" ಎಂದರು. ಆ ಮಾತು ಕೈಯಿಂದ ಕೈಗೆ ದಾಟಿದಂತೆ ಮೈದಾನದ ಕೊನೆಯವರೆಗೆ ಹೋಯಿತು.

ಅರ್ಧ ತಾಸಿಗೆ ಸಮಿತಿಯ ಗುಮಾಸ್ತರು ಬಂದರು. "ಊಟದ ಹೊತ್ತಿಗೆ ಅದನ್ನ ಇಳಿಸಬೇಕಂತ. ಅಂಥವರ ಮುಖದ ಕೆಳಗ ಹಾದು ಹೋಗಬೇಕೇನು ಅಂತ ಹಿರಿಯರು ಕೇಳಾಕತ್ತಾರ. ನಾ ಹೇಳಿದ್ದಲ್ಲಪಾ, ಅವರು ಹೇಳಿ ಕಳಿಸ್ಯಾರ" ಎಂದು ತಲೆ ತಗ್ಗಿಸಿ ಹೋದರು.

ಮಾಸ್ತರ ಏಣಿ ತೋರಿಸಿದರು. ನಾನು ಹತ್ತಿದೆ. ಇಲ್ಲಿ ನಾನು ವಿರೋಧಿಸಿದೆ, ಇಳಿಸುವುದಿಲ್ಲ ಎಂದೆ ಎಂದು ಈಗ ಕೆಲವರು ಹೇಳುತ್ತಾರೆ. ಹಾಗೇನೂ ಆಗಲಿಲ್ಲ. ಹೇಳಿದ ತಕ್ಷಣ ಹತ್ತಿದೆ. ಗದ್ದದ ಪಟ್ಟಿಯ ಮೂಲೆ ಹಿಡಿದು ಎಳೆಯತೊಡಗಿದೆ.

"ಬೀರಪ್ಪಾರ."

ಕೆಳಗೆ ಹೌಸವ್ವ ನಿಂತಿದ್ದಳು. ಮೈದಾನದ ಧೂಳಿಗೆ ನೀರು ಹೊಡೆಯುವ ಕೆಲಸಕ್ಕೆ ಅಂದೂ ಬಂದಿದ್ದಳು. ಕೊಡಗಳನ್ನು ಪಕ್ಕಕ್ಕೆ ಇಳಿಸಿದ್ದಳು. ಅವಳ ಹಿಂದೆ ಒಂದಷ್ಟು ಕೂಲಿ ಹೆಂಗಸರು.

"ಅದು ನಾನಾ ಏನ್ರಿ?"

"ಹೌದು."

ಅವಳು ಮೇಲೆ ನೋಡಿದಳು. ಸಿಟ್ಟೋ ನಾಚಿಕೆಯೋ ನನಗೆ ತಿಳಿಯಲಿಲ್ಲ. ಹನ್ನೆರಡು ಅಡಿಯ ಮುಖ ನನ್ನ ಮೂಗಿನ ಮುಂದಿತ್ತು, ನಿಜವಾದ ಮುಖ ಬಹಳ ಕೆಳಗಿತ್ತು.

"ಈಗೇನ್ ಮಾಡಾಕತ್ತೀರಿ?"

"ಇಳಸಾಕ ಹೇಳ್ಯಾರ."

"ಯಾರು?"

ನಾನು ಸಮಿತಿಯ ಡೇರೆಯ ಕಡೆ ನೋಡಿದೆ. ಅವಳು ಆ ಕಡೆ ತಿರುಗಲಿಲ್ಲ.

"ಹಾಕೂ ಮುಂದ ನನ್ನ ಕೇಳಲಿಲ್ರಿ ನೀವು" ಎಂದಳು. ದನಿ ಏರಿಸಲಿಲ್ಲ. "ತಗಿಯೂ ಮುಂದರ ಕೇಳ್ರಿ."

ಎಳೆದ ಮೂಲೆಯನ್ನು ಅಂಗೈಯಿಂದ ಮತ್ತೆ ಒತ್ತಿ ಹಿಡಿದೆ. ಗಾಳಿಗೆ ಗೋಪುರ ತೂಗುತ್ತಿತ್ತು. ಸುತ್ತಲಿನವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ನನ್ನ ಬಾಯಿಂದ ಬಂದದ್ದು ಇಷ್ಟೇ: "ತಗೀಲೇನ್ರಿ?"

ಅವಳಿಗೆ ನಾನು ಬಹುವಚನ ಹಚ್ಚಿದ್ದು ಅದೇ ಮೊದಲು. ಅದಕ್ಕೆ ನಾನು ಹನ್ನೆರಡು ಅಡಿ ಎತ್ತರಕ್ಕೆ ಏರಬೇಕಾಯಿತು.

"ಬ್ಯಾಡ್ರಿ" ಎಂದಳು.

ನಾನು ಇಳಿದೆ. ಧೈರ್ಯದಿಂದ ಇಳಿದೆ ಎಂದು ಬರೆದುಕೊಂಡರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಹತ್ತುವುದಕ್ಕಿಂತ ಇಳಿಯುವುದು ಸುಲಭವಿತ್ತು. ಮಾಸ್ತರರ ಹತ್ತಿರ ಹೋಗಿ, "ಬ್ಯಾಡ ಅಂತಾರ್ರಿ" ಎಂದೆ.

"ಯಾರು?"

"ಫೋಟೋದಾಗಿನವರು."

ಮಾಸ್ತರ ನನ್ನನ್ನು ನೋಡಿದರು, ಹೌಸವ್ವಳನ್ನು ನೋಡಿದರು. ಆಮೇಲೆ ಟೊಪ್ಪಿಗೆ ಸರಿಮಾಡಿಕೊಂಡು ತಾವೇ ಸಮಿತಿಯ ಡೇರೆಗೆ ಹೋದರು. ಜೋಳದ ಅಂಬಲಿಯಿಂದ ಅಂಟಿಸಿದ್ದೇವೆ, ಒಣಗಿ ಹಲಗೆಗೆ ಹತ್ತಿಬಿಟ್ಟಿದೆ, ಎಳೆದರೆ ಗೋಪುರವೇ ಡೇರೆಯ ಮೇಲೆ ಬೀಳುತ್ತದೆ ಎಂದು ಹೇಳಿದರಂತೆ. ಗೋಪುರ ಕಟ್ಟಿದವನು ಬೀರಪ್ಪ ಎಂದೂ ಸೇರಿಸಿದರಂತೆ. ಅದನ್ನು ಕೇಳಿ ಸಮಿತಿಯವರಿಗೆ ನಂಬಿಕೆ ಬಂತು. ನನ್ನ ಕೆಟ್ಟ ಹೆಸರು ಒಬ್ಬರಿಗಾದರೂ ಉಪಯೋಗಕ್ಕೆ ಬಂದದ್ದು ಅಂದೇ.

ಫೋಟೋ ಮೂರು ದಿನ ನಿಂತಿತು. ಎರಡನೆಯ ದಿನ ಸನಮಡಿಯಿಂದ ಅವಳ ಓಣಿಯವರು ನಡೆದು ಬಂದರು. ಮುದುಕರು, ಕೈಗೂಸಿನ ಹೆಂಗಸರು. ಗೋಪುರದ ಮುಂದೆ ನೆಲದ ಮೇಲೆ ಕುಳಿತು ಬುತ್ತಿ ಬಿಚ್ಚಿದರು. ಹಾದು ಹೋಗುವವರು ಕೆಲವರು ಮುಖ ತಿರುಗಿಸಿಕೊಂಡು ಹೋದರು, ಕೆಲವರು ನಿಂತರು. ಅಪ್ಪನೂ ಕಂಬಳಿ ಒಯ್ಯಲು ಬಂದವನು ಬಹಳ ಹೊತ್ತು ನೋಡಿ, "ಕಣ್ಣ ಚಲೋ ಬಂದಾವ" ಎಂದ. ಮೂರನೆಯ ದಿನ ಹೌಸವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮೂಗ ಸೊಟ್ಟ ಆಗೇತ್ರಿ" ಎಂದಳು. ಆಗಿತ್ತು. ಮೂಗಿನ ಪಟ್ಟಿ ಅಂಟಿಸುವಾಗ ಎರಡು ಬೆರಳು ಸರಿದಿತ್ತು. ಊರೆಲ್ಲ ಮುಖದ ಬಗ್ಗೆ ಜಗಳಾಡುತ್ತಿದ್ದಾಗ ಕೆಲಸದ ತಪ್ಪು ಕಂಡವರು ಅವರೊಬ್ಬರೇ.

ಆ ಮೂರು ದಿನಕ್ಕೆ ಮಾಸ್ತರ ಬೆಲೆ ತೆತ್ತರು. ವಾಡೆಯ ಬಳಗದ ಮದುವೆಗಳೆಲ್ಲ ಬೇರೆ ಊರಿನ ಸ್ಟುಡಿಯೋಕ್ಕೆ ಹೋದವು. ಎರಡು ವರ್ಷ ನಾವು ಬರೀ ಅರ್ಜಿಯ ಫೋಟೋ ತೆಗೆದು ಬದುಕಿದೆವು. ನಾನು ವಾಡೆಯಲ್ಲಿ ಕ್ಯಾಮೆರಾದ ಹಲಗೆ ಎಳೆದಿದ್ದರೆ ಇದಾವುದೂ ಆಗುತ್ತಿರಲಿಲ್ಲ ಎಂದು ಅವರು ಒಂದು ದಿನವೂ ಅನ್ನಲಿಲ್ಲ. ಬೇರೆ ಎಲ್ಲದಕ್ಕೂ ಬೈದರು. ಒಂದು ಸಲ ಮಾತ್ರ, ಒಬ್ಬ ಮುದುಕಿಯ ನೆಗೆಟಿವ್ ಮೇಲೆ ನಾನು ಪೆನ್ಸಿಲ್ ಹಿಡಿದಾಗ ಕೈ ಹಿಡಿದು, "ಇರಲಿ ಬಿಡು" ಎಂದರು. ಅದನ್ನೂ ಕನ್ನಡದಲ್ಲೇ ಹೇಳಿದರು, ಬೈಗುಳವೆಂದೇ ನಾನು ಮೊದಲು ತಿಳಿದೆ.

ಎಪ್ಪತ್ತರ ದಶಕದಲ್ಲಿ ಮಾಸ್ತರರ ಕಣ್ಣು ಮಂಜಾಯಿತು. ಅವರು ಮಗಳ ಮನೆಗೆ ಹೋದರು, ಸ್ಟುಡಿಯೋ ನನ್ನ ಕೈಗೆ ಬಂತು. ಗಾಜಿನ ಪ್ಲೇಟು ಹೋಯಿತು, ಸಣ್ಣ ಕ್ಯಾಮೆರಾ ಬಂತು. ಬಣ್ಣದ ಫಿಲ್ಮು ಬಂದಾಗ ಅದನ್ನು ತೊಳೆಯಲು ಹೊರಗೆ ಕಳಿಸಬೇಕಾಗಿತ್ತು. ಮೊದಲ ಬಣ್ಣದ ಮದುವೆಯ ರೀಲನ್ನು ನಾನು ರೂಢಿಯ ಮೇಲೆ ಕಪ್ಪು-ಬಿಳಿ ಔಷಧಿಯಲ್ಲಿ ಮುಳುಗಿಸಿಬಿಟ್ಟೆ. ಆ ಮದುವೆಯವರ ಮನೆ ಮುಂದೆ ಹಾಯುವಾಗ ಈಗಲೂ ನಾನು ದಾರಿಯ ಆಚೆ ಬದಿ ಹಿಡಿಯುತ್ತೇನೆ. ಆ ಕಥೆ ಇಲ್ಲಿ ಬೇಡ.

ಆ ಹೊತ್ತಿಗೆ ಒಂದು ಮಧ್ಯಾಹ್ನ ಹೌಸವ್ವ ಸ್ಟುಡಿಯೋಕ್ಕೆ ಬಂದರು. ಕೂದಲು ನರೆತಿತ್ತು. ಮೈಮೇಲೆ ಮಡಿಕೆ ಮುರಿಯದ ಹಸಿರು ಸೀರೆ. ಜೊತೆಗೆ ಮಗಳು ಸುಜಾತಾ, ಇಪ್ಪತ್ತರ ಒಳಗಿನವಳು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ.

"ಬರ್ರಿ, ಕುಂದ್ರಿ" ಎಂದೆ.

"ಈಕಿ ಮಿರಜಿಗೆ ಹೊಂಟಾಳ್ರಿ, ನರ್ಸ್ ಕಲ್ಯಾಕ. ಹೋಗೂಕಿಂತ ಮದ್ಲ ಇಬ್ಬರದೂ ಕೂಡಿ ಒಂದು ಫೋಟೋ ಬೇಕು. ಆಕೀ ಟ್ರಂಕಿನ್ಯಾಗ ಇಡೂವಷ್ಟ ಸಣ್ಣದು."

ತಾಯಿ ಮಗಳನ್ನು ಪಕ್ಕಪಕ್ಕ ಕೂರಿಸಿದೆ. ಆ ಹಳೆಯ ಪ್ರದರ್ಶನದ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅಂದು ಮೋಡ ಕವಿದು ಗಾಜಿನ ಬೆಳಕು ಕಡಿಮೆಯಿತ್ತು, ಅಲ್ಲಾಡದೆ ಕೂಡಬೇಕಿತ್ತು. ಮೂರು ಫೋಟೋ ತೆಗೆದೆ. ಎರಡನೆಯದು ತೆಗೆಯುವಾಗ ಮಗಳು ತಾಯಿಯ ಕಿವಿಯಲ್ಲಿ ಏನೋ ಅಂದಳು. ಹೌಸವ್ವ ನಕ್ಕುಬಿಟ್ಟರು, ಬಾಯಿಗೆ ಸೆರಗು ಹಿಡಿಯಲು ಕೈ ಎತ್ತಿದರು. ಅಷ್ಟರಲ್ಲಿ ನಾನು ಗುಂಡಿ ಒತ್ತಿದ್ದೆ.

ಎರಡು ದಿನ ಬಿಟ್ಟು ಅವರು ಒಬ್ಬರೇ ಬಂದರು. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದು, ಮೂರು ಚೊಕ್ಕವಾಗಿದ್ದವು. ಜಡೆಯ ಎಳೆ ಎಣಿಸಬಹುದಿತ್ತು. ನಡುವಿನದರಲ್ಲಿ ಮಗಳು ನಿಚ್ಚಳವಾಗಿದ್ದಳು, ತಾಯಿಯ ಮುಖ ಕದಡಿಹೋಗಿತ್ತು. ಹಲ್ಲು ಮತ್ತು ಮೇಲೆದ್ದ ಕೈಯ ಬಳೆ ಬಿಟ್ಟರೆ ಬೇರೇನೂ ಹಿಡಿಯಲು ಸಿಗುತ್ತಿರಲಿಲ್ಲ.

ಅವರು ಬೆರಳಿಟ್ಟದ್ದು ಅದರ ಮೇಲೆ.

"ಅವೆರಡೂ ಚಲೋ ಬಂದಾವ್ರಿ" ಎಂದೆ. "ಇದು ಕೆಟ್ಟೈತಿ. ಅಲ್ಲಾಡೇತ್ರಿ."

"ಅಲ್ಲಾಡಿದಾಕಿ ನಾನಾ ಅಲ್ಲೇನ್ರಿ" ಎಂದರು ಹೌಸವ್ವ. "ಇದನ್ನ ಕೊಡ್ರಿ."

ಉಳಿದ ಎರಡನ್ನು ಬದಿಗೆ ಸರಿಸಿ, ಅದನ್ನೊಂದನ್ನೇ ಬಿಳಿ ಕಾಗದದಲ್ಲಿ ಸುತ್ತಿ ಕೊಟ್ಟೆ.